ಅಣ್ಣನ ಹೆಸರಿನಲ್ಲಿ ನಾನು ಕೊಟ್ಟ ಮೂತ್ರ

ಅಣ್ಣ ನನಗಿಂತ ಕಾಲು ಗಂಟೆ ದೊಡ್ಡವನು. ಆ ಕಾಲು ಗಂಟೆಯ ಹಿರಿತನಕ್ಕೆ ಸಲ್ಲಬೇಕಾದ ಸಕಲ ಮರ್ಯಾದೆಗಳೂ ನಮ್ಮ ಮನೆಯಲ್ಲಿ ಸಲ್ಲುತ್ತಿದ್ದವು. ಮೊದಲ ರೊಟ್ಟಿ ಅವನಿಗೆ, ಮೊದಲ ಏಟೂ ಅವನಿಗೇ. ನಾನು ಅವನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಇದೊಂದನ್ನು ಬಿಟ್ಟರೆ ಅವಳಿಗಳಾದ ನಾವಿಬ್ಬರೂ ಒಬ್ಬನೇ ಎಂದು ಅಪ್ಪ ನಮ್ಮ ತೊಟ್ಟಿಲ ಕಾಲದಲ್ಲೇ ತೀರ್ಪು ಕೊಟ್ಟಿದ್ದ. ಆ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ತೀರ್ಪು ಬರಿಯ ಮಾತಿನದಾಗಿರಲಿಲ್ಲ, ಜಾರಿಯಲ್ಲಿತ್ತು. ಅಣ್ಣನಿಗೆ ಜ್ವರ ಬಂದರೆ ನನಗೂ ಕಷಾಯ. ನನಗೆ ಹೊಟ್ಟೆ ಕೆಟ್ಟರೆ ಅಣ್ಣನಿಗೂ ಉಪವಾಸ. ಹುಲಗೂರಿನ ದರ್ಗಾದಿಂದ ತಂದ ದಾರವನ್ನು ಅಪ್ಪ ಸರಿಯಾಗಿ ಎರಡು ತುಂಡು ಮಾಡಿ ಇಬ್ಬರ ತೋಳಿಗೂ ಕಟ್ಟುತ್ತಿದ್ದ. ಸಾಲಿಗೆ ದೇವಿ ಹಾಕುವವರು, ಅಂದರೆ ಸಿಡುಬಿನ ಲಸಿಕೆಯವರು, ಬಂದ ದಿನ ಅಪ್ಪ ಅವರೊಂದಿಗೆ ನಡೆಸಿದ ವಾದ ನಮ್ಮ ಕಡೆ ಬಹಳ ವರ್ಷ ಚಾಲ್ತಿಯಲ್ಲಿತ್ತು: "ಒಬ್ಬಗ ಚುಚ್ಚ್ರಿ ಸಾಕು, ಇಬ್ಬರಿಗೂ ಹತ್ತತೈತಿ." ಅವರು ಇಬ್ಬರಿಗೂ ಚುಚ್ಚಿದರು. ಸರಕಾರಕ್ಕೆ ಶರೀರಶಾಸ್ತ್ರ ತಿಳಿಯದು ಎಂಬುದು ಅಪ್ಪನ ಅಂತಿಮ ಅಭಿಪ್ರಾಯವಾಗಿ ಉಳಿಯಿತು.

ಅವ್ವ ನಮ್ಮ ಹತ್ತನೆಯ ವರ್ಷದಲ್ಲೇ ತೀರಿಕೊಂಡಿದ್ದಳು. ಸವಣೂರಿಗೆ ಎರಡು ಮೈಲಿ ದೂರದಲ್ಲಿ ನಮ್ಮದೊಂದು ಎಲೆಬಳ್ಳಿಯ ತೋಟ. ವೀಳ್ಯದೆಲೆಯೆಂದರೆ ಸವಣೂರಿನದು ಎನ್ನುವ ಕಾಲ. ಆದರೆ ತೋಟ ಅರ್ಧ ಎಕರೆ. ಅದು ಒಬ್ಬನ ದುಡಿಮೆಯನ್ನು ಬೇಡುತ್ತಿತ್ತು, ಇಬ್ಬರ ಹಸಿವನ್ನು ತಾಳುತ್ತಿರಲಿಲ್ಲ. ಎಪ್ಪತ್ತರ ದಶಕ ಶುರುವಾಗುತ್ತಿದ್ದ ಹಾಗೆ ಅಣ್ಣ ಪುಣೆಯ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಗೆ ಹೋದ. ಹಿರಿಯನಾದವನು ತೋಟದಲ್ಲಿರಬೇಕು, ಕಿರಿಯನಾದವನು ದೇಶಾಂತರ ಹೋಗಬೇಕು ಎಂದು ನಾನು ಧರ್ಮ ಹೇಳಿದೆ. ಅಣ್ಣ ನಕ್ಕು, "ನಿನಗ ಮರಾಠಿ ಬರೂದಿಲ್ಲಲೇ," ಎಂದು ಟ್ರಂಕು ಎತ್ತಿಕೊಂಡ. ಅವನಿಗೂ ಬರುತ್ತಿರಲಿಲ್ಲ.

ಅಲ್ಲಿ ಅವನ ಬದುಕು ಹೇಗಿತ್ತೆಂದು ನಾನು ಒಂದು ಸಲ ಹೋಗಿ ಕಂಡೆ. ತಗಡಿನ ಮಾಡಿನ ಕೋಣೆ. ಅದರಲ್ಲಿ ಅಣ್ಣ, ಶಿಗ್ಗಾವಿ ಕಡೆಯಿಂದ ತಂದ ಅತ್ತಿಗೆ, ಆಮೇಲೆ ಎರಡು ಹೆಣ್ಣು ಕೂಸುಗಳು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಮೈಗೆ ಯಾವುದು ಬೆಳಗು ಯಾವುದು ಸಂಜೆ ಎಂಬ ಲೆಕ್ಕವೇ ತಪ್ಪಿತ್ತು. ನಿದ್ದೆ ತಡೆಯಲು ಸಕ್ಕರೆ ಸುರಿದ ಚಹಾ, ಹಸಿವು ತಡೆಯಲು ಬ್ರೆಡ್ಡು, ಕರಿದ ಪದಾರ್ಥ. ದಿನವಿಡೀ ಯಂತ್ರದ ಮುಂದೆ ಒಂದೇ ಕಡೆ ನಿಲುವು. ಉಸಿರಿಗೆ ಎಣ್ಣೆಯ ಹೊಗೆ. ನಾನಿಲ್ಲಿ ಜೋಳದ ರೊಟ್ಟಿ ತಿಂದು, ದಿನಕ್ಕೆ ನೂರು ಸಲ ಏಣಿ ಹತ್ತಿ ಇಳಿದು ಎಲೆ ಕೊಯ್ಯುತ್ತಿದ್ದೆ. ಒಂದೇ ಅಚ್ಚಿನ ಎರಡು ಮೈಗಳನ್ನು ಬೇರೆ ಬೇರೆ ಊರಿನಲ್ಲಿಟ್ಟು ಯಾರೋ ಪರೀಕ್ಷೆ ಮಾಡಿ ನೋಡುತ್ತಿದ್ದಾರೆ ಎಂದು ನಮಗೆ ಹೊಳೆಯಲಿಲ್ಲ.

ಮೊದಲ ವರ್ಷಗಳಲ್ಲಿ ಅಣ್ಣ ರಜೆಗೆ ಬಂದಾಗಲೆಲ್ಲ ಅವನ ಹೊಟ್ಟೆ ಅವನಿಗಿಂತ ಮೊದಲು ಬಸ್ಸಿನಿಂದ ಇಳಿಯುತ್ತಿತ್ತು. ಅಪ್ಪ ಆ ಹೊಟ್ಟೆಯನ್ನು ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದ. "ಕಂಪನಿ ಅನ್ನ ನೋಡ್ರಿ!" ನನ್ನನ್ನು ನೋಡಿ ಜನ, "ಇವಗ ನೀವು ಉಣ್ಣಾಕ ಹಾಕೂದಿಲ್ಲೇನು?" ಎನ್ನುವರು. ಏಳನೆಯ ವರ್ಷ ಬಂದ ಅಣ್ಣ ಹೊಟ್ಟೆಯನ್ನು ಎಲ್ಲೋ ಬಿಟ್ಟು ಬಂದಿದ್ದ. ಕೆನ್ನೆ ಒಳಗೆ ಹೋಗಿ, ಕತ್ತು ಸಣ್ಣಗಾಗಿ, ತದ್ರೂಪು ನಾನೇ ಆಗಿದ್ದ. ಊರವರಿಗೆ ಸಂತೋಷವೋ ಸಂತೋಷ. "ಮತ್ತ ಇಬ್ಬರೂ ಒಂದ ಆದ್ರಿ ನೋಡ್ರಿ!" ನಮ್ಮನ್ನು ಮತ್ತೆ ಒಂದು ಮಾಡಿದ್ದು ಕಾಯಿಲೆ ಎಂಬುದು ಯಾರಿಗೂ ತಿಳಿಯಲಿಲ್ಲ, ಅತ್ತಿಗೆಯನ್ನು ಬಿಟ್ಟು.

"ತಮ್ಮಾ, ಇವರು ಕೊಡ ನೀರು ಕುಡಿದ್ರೂ ಸಾಕಾಗೂದಿಲ್ಲ ಅಂತಾರ," ಎಂದಳು ಅವಳು ನನ್ನ ಬಳಿ. "ಬಚ್ಚಲದಾಗ ಇರಿವಿ ಸಾಲು ಹಚ್ಚ್ಯಾವ. ನಿಮ್ಮ ಅಪ್ಪಾರಿಗೆ ಹೇಳಬ್ಯಾಡ್ರಿ, ಡಾಕ್ಟರ ಕಡೆ ಕರಕೊಂಡು ಹೋಗ್ರಿ."

ಅಪ್ಪನಿಗೆ ಹೇಳದೆ ನಮ್ಮ ಮನೆಯಲ್ಲಿ ಕೆಮ್ಮುವುದೂ ಸಾಧ್ಯವಿರಲಿಲ್ಲ. ಅಪ್ಪ, ಅಣ್ಣ, ನಾನು ಮೂವರೂ ಹೋದೆವು. ಸವಣೂರಿನ ಆ ವಯಸ್ಸಾದ ಡಾಕ್ಟರು ನಮ್ಮ ತೋಟದ ಎಲೆಯ ಕಾಯಂ ಗಿರಾಕಿ. ಒಂದು ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ಅಣ್ಣನ ಮೂತ್ರದ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಆಮೇಲೆ ಹಸಿ ಇಟ್ಟಿಗೆಯನ್ನು ಸುಟ್ಟ ಹಾಗೆ ಕೆಂಪಾಯಿತು. ಡಾಕ್ಟರು ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದರು.

"ಸಕ್ರಿ ಬ್ಯಾನಿ. ಭಾಳ ಐತಿ. ದಿನಾ ಇನ್ಸುಲಿನ್ ಚುಚ್ಚಿಕೋಬೇಕು."

ನಂತರ ನನ್ನದನ್ನೂ ಕೇಳಿದರು. ನನ್ನ ಎಂಟು ಹನಿ ಬಿದ್ದರೂ ನೀಲಿ ನೀಲಿಯಾಗಿಯೇ ಉಳಿಯಿತು. ಎರಡು ನಳಿಗೆಗಳನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದರು. ಅಪ್ಪ ಎರಡನ್ನೂ ಬಹಳ ಹೊತ್ತು ನೋಡಿ ತನ್ನ ತೀರ್ಪನ್ನು ಕೊಟ್ಟ.

"ಇಬ್ಬರೂ ಒಂದ ಹೊಟ್ಟ್ಯಾಗ ಇದ್ದವರು, ಡಾಕ್ಟರ್ರ. ಇವಂದು ಚಲೋ ಐತಿ ಅಂದ್ರ ಅವಂದೂ ಚಲೋನ ಇರಬೇಕಲ್ರಿ. ನಿಮ್ಮ ನೀರು ಕೆಟ್ಟೈತಿ."

"ನೀರು ಕೆಟ್ಟಿಲ್ರಿ, ಯಜಮಾನ್ರ. ನಿಮ್ಮ ತೋಟದ ಬಳ್ಳಿ ಕಡ್ಡಿ ಒಯ್ದು ಬ್ಯಾರೆ ಊರಾಗ ಹಚ್ಚಿದ್ರ ಇದ ಎಲಿ ಬರ್ತೈತೇನು?"

ನಮ್ಮ ಸೋದರತ್ತೆ ಹಿರೇಕೆರೂರಿನ ಕಡೆ ಇದೇ ಬಳ್ಳಿಯ ಕಡ್ಡಿಗಳನ್ನು ಒಯ್ದು ಹಚ್ಚಿದ್ದು, ಎಲೆ ದಪ್ಪಗೆ, ನಾಲಿಗೆ ಸುಡುವಷ್ಟು ಖಾರವಾಗಿ ಬಂದದ್ದು ಅಪ್ಪನಿಗೆ ಗೊತ್ತಿತ್ತು. "ಎಲಿ ಖಾರ ಆತು, ಖರೆ," ಎಂದ. "ರೋಗ ಬರಲಿಲ್ಲಲ್ರಿ."

ಡಾಕ್ಟರು ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಹುಟ್ಟುವಾಗ ಮೈಯಾಗ ಬಂದದ್ದು ಎಲ್ಲಾನೂ ಕೆಲಸಾ ಮಾಡೂದಿಲ್ಲ, ತಮ್ಮಾ. ಕೆಲವು ಮಲಗೇ ಇರ್ತಾವ. ಊರು, ಊಟ, ನಿದ್ದಿಗೇಡು, ಚಿಂತಿ ಇವೆಲ್ಲಾ ಕೂಡಿ ಅವನ್ನ ಎಬ್ಬಸ್ತಾವ. ನಿಮ್ಮ ಅಣ್ಣಂದು ಎದ್ದೈತಿ."

"ನಂದು?"

"ಮಲಗೈತಿ. ಇಲ್ಲ ಅಂತ ತಿಳೀಬ್ಯಾಡ."

ಅಂದಿನಿಂದ ನಾನು ನನ್ನೊಳಗೆ ಒಬ್ಬ ಮಲಗಿದವನನ್ನು ಹೊತ್ತು ಮೆಲ್ಲಗೆ ನಡೆದಾಡಲು ಕಲಿತೆ.

ಅಪ್ಪನಾದರೋ ವಂಶಾವಳಿಯನ್ನು ಹಿಡಿದು ಕುಳಿತ. ಹಾನಗಲ್ಲಿನ ದೊಡ್ಡಪ್ಪ ತೊಂಬತ್ತು ದಾಟಿ ಸತ್ತದ್ದು ಬಾವಿಗೆ ಜಾರಿ. ಶಿಗ್ಗಾವಿಯ ಕಾಕಾ ಸತ್ತದ್ದು ಹಾವು ಕಡಿದು. ಚಿಕ್ಕೇರೂರಿನ ಮಾವ ಸತ್ತದ್ದು ಹಟದಿಂದ. ಸಕ್ಕರೆಯಿಂದ ಸತ್ತವರು ನಮ್ಮಲ್ಲಿ ಒಬ್ಬರೂ ಇಲ್ಲ. ಆಡೂರಿನ ಶಾಸನದ ಕಲ್ಲಿನಷ್ಟೇ ಗಟ್ಟಿಯಾದ ಈ ದಾಖಲೆಯ ಮುಂದೆ ಒಂದು ಗಾಜಿನ ನಳಿಗೆಯ ಮಾತು ಯಾವ ಲೆಕ್ಕ? ಅವರಾರೂ ತಮ್ಮ ತಾಲೂಕು ದಾಟಿ ಬದುಕಿದವರಲ್ಲ ಎಂಬುದನ್ನು ಹೇಳಲು ನನಗೆ ಆಗ ಬುದ್ಧಿ ಇರಲಿಲ್ಲ.

ಅಣ್ಣನ ತೊಂದರೆ ಬೇರೆಯೇ ಇತ್ತು. ಏಳು ವರ್ಷ ಹಂಗಾಮಿಯಾಗಿ ದುಡಿದವನನ್ನು ಕಾರ್ಖಾನೆಯವರು ಆ ತಿಂಗಳು ಕಾಯಂ ಮಾಡುವವರಿದ್ದರು. ಅದಕ್ಕೆ ಅವರ ಡಾಕ್ಟರ ಮುಂದೆ ದೇಹಪರೀಕ್ಷೆ. ಸಕ್ಕರೆ ಕಂಡರೆ ಕೆಲಸವೂ ಇಲ್ಲ, ತಗಡಿನ ಕೋಣೆಯೂ ಇಲ್ಲ. ಒಂದು ಮುಂಜಾನೆ ತೋಟದಲ್ಲಿ ಏಣಿಯ ಬುಡಕ್ಕೆ ಬಂದು ನಿಂತು ಅವನು ಮೇಲೆ ನೋಡಿದ.

"ನೀ ಬರ್ತೀಯೇನಲೇ, ನನ್ನ ಬದಲಿಗೆ?"

ಅಪ್ಪ ಬಳ್ಳಿ ಕಟ್ಟುತ್ತಿದ್ದವನು ಅಲ್ಲಿಂದಲೇ ಹೇಳಿದ: "ಬದಲಿಗೆ ಅಂತ ಯಾಕಂತೀ? ಅವಂದೂ ನಿಂದೂ ಒಂದ."

ಹೀಗೆ ನಾನು ಪುಣೆಗೆ ಹೋದೆ. ಇದು ಮೋಸ ಎಂದು ನಮಗೆ ಯಾರಿಗೂ ಅನಿಸಲಿಲ್ಲ; ಇದನ್ನು ಓದುವವರು ನಂಬಬೇಕು. ಒಂದೇ ಪದಾರ್ಥವನ್ನು ಎರಡು ಡಬ್ಬಿಯಲ್ಲಿಟ್ಟರೆ ಯಾವ ಡಬ್ಬಿಯಿಂದ ತೆಗೆದು ತೋರಿಸಿದರೇನು ಎಂಬಷ್ಟೇ ನಮ್ಮ ತಿಳಿವಳಿಕೆ. ಅಣ್ಣನ ಖಾಕಿ ಅಂಗಿ ತೊಟ್ಟು, ಅವನ ಫೋಟೋ ಇದ್ದ ಬಿಲ್ಲೆ ಚುಚ್ಚಿಕೊಂಡು ಒಳಗೆ ಹೋದೆ. ಅಣ್ಣ ಗೇಟಿನ ಹೊರಗೆ ಚಹಾದ ಅಂಗಡಿಯಲ್ಲಿ ಕುಳಿತು ಗಾಬರಿಯಲ್ಲಿ ನಾಲ್ಕು ಸಿಹಿ ಚಹಾ ಕುಡಿದನಂತೆ. ನನ್ನನ್ನು ತೂಗಿದರು, ಅಳೆದರು, ಕಣ್ಣ ಮುಂದೆ ಅಕ್ಷರ ಹಿಡಿದರು. ತಂದೆ ಯಾರು, ಹುಟ್ಟಿದ್ದು ಎಲ್ಲಿ, ವಯಸ್ಸೆಷ್ಟು ಎಂದು ಕೇಳಿದ್ದಕ್ಕೆಲ್ಲ ಅಣ್ಣ ಕಲಿಸಿಕೊಟ್ಟ ಹರಕು ಮರಾಠಿಯಲ್ಲಿ ಸತ್ಯವನ್ನೇ ನುಡಿದೆ. ಆ ಇಡೀ ದಿನ ನಾನು ಹೇಳಿದ ಸುಳ್ಳು ಒಂದೇ, ನನ್ನ ಹೆಸರು. ಕಂಪೌಂಡರ್ ಮಾತ್ರ ನನ್ನ ಅಂಗೈ ತಿರುವಿ ನೋಡಿ, ಯಂತ್ರದ ಮೇಲೆ ದುಡಿಯುವವನ ಹೆಬ್ಬೆರಳು ಹಸಿರು ಯಾಕೆ ಎಂದು ಮರಾಠಿಯಲ್ಲಿ ಕೇಳಿದ. ಊರಿಂದ ಬಂದೆ, ಅಲ್ಲಿ ತೋಟದ ಕೆಲಸ ಎಂದೆ. ನಕ್ಕು, ಪುಣ್ಯವಂತ ಎಂದ.

ನನ್ನ ಮೂತ್ರ ಅಲ್ಲಿಯೂ ನೀಲಿಯಾಗಿ ಉಳಿದು ಕರ್ತವ್ಯ ಮಾಡಿತು. ಅಣ್ಣ ಆರೋಗ್ಯವಂತನೆಂದು ಮೊಹರು ಬಿತ್ತು. ನಮ್ಮ ವಂಶದಲ್ಲಿ ಯಾರಿಗೂ ಸಿಗದಿದ್ದ ಸರ್ಟಿಫಿಕೇಟು ಅದು. ಅಪ್ಪ ಅದರ ನಕಲು ಬರೆಸಿ ದೇವರ ಜಗಲಿಯ ಮೇಲೆ ಇಟ್ಟ.

ಅದರ ಬಲೆ ನಮಗೆ ಕಂಡದ್ದು ನಿಧಾನವಾಗಿ. ಆರೋಗ್ಯವಂತನೆಂದು ಬರೆಸಿಕೊಂಡವನು ಔಷಧ ತೆಗೆದುಕೊಳ್ಳುವಂತಿಲ್ಲ. ಗೋಡೆಗೆ ಗೋಡೆ ಹತ್ತಿದ ಆ ಕೋಣೆಗಳ ಸಾಲಿನಲ್ಲಿ ಎಲ್ಲರೂ ಅದೇ ಕಾರ್ಖಾನೆಯವರು. ಸ್ಟವ್ ಮೇಲೆ ಸೂಜಿ ಕುದಿಸಿದರೆ ಮಧ್ಯಾಹ್ನದೊಳಗೆ ಸುದ್ದಿ ಗೇಟು ಮುಟ್ಟುತ್ತಿತ್ತು. ಮೊದಲು ಕೆಲವು ತಿಂಗಳು ಅಣ್ಣ ಬಹಳ ದೂರದ ಒಂದು ದವಾಖಾನೆಗೆ ಹೋಗಿ ಚುಚ್ಚಿಸಿಕೊಂಡ. ಪಾಳಿ ಬದಲಾದಾಗ ಬಿಟ್ಟ. ಹಾಗಲಕಾಯಿ ರಸ ಕುಡಿದ. ಅದನ್ನೂ ಬಿಟ್ಟ. ನಾನು ಕಾರ್ಡು ಬರೆಯುತ್ತಿದ್ದೆ, ಕಾರ್ಡನ್ನು ಟಪ್ಪಾಲಿನವನೂ ಓದುತ್ತಾನೆಂದು ಕಾಯಿಲೆಯ ಹೆಸರು ಬರೆಯದೆ, "ಆ ವಿಷಯ ಹೇಗಿದೆ?" ಎಂದು ಕೇಳುತ್ತಿದ್ದೆ. "ಆ ವಿಷಯ ಕ್ಷೇಮ," ಎಂದು ಉತ್ತರ ಬರುತ್ತಿತ್ತು. ಹೀಗೆ ನಾಲ್ಕು ವರ್ಷ ಒಂದು ಮೃತ್ಯುವಿನ ಕ್ಷೇಮಸಮಾಚಾರವನ್ನು ನಾವು ವಿಚಾರಿಸಿಕೊಂಡೆವು.

ಎಂಬತ್ತರ ದಶಕ ಶುರುವಾಗಿತ್ತು. ಅತ್ತಿಗೆಯಿಂದ ತಾರು ಬಂತು: ಕೂಡಲೇ ಹೊರಟು ಬನ್ನಿ.

ಕಾರ್ಖಾನೆಯವರು ಅಣ್ಣನನ್ನು ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಬೂಟಿನೊಳಗೆ ಹೊಕ್ಕ ಒಂದು ಕಬ್ಬಿಣದ ಚೂರು ಎಡಗಾಲ ಹೆಬ್ಬೆರಳ ಕೆಳಗೆ ಎರಡು ದಿನ ಇದ್ದರೂ ಅವನಿಗೆ ತಿಳಿದಿರಲಿಲ್ಲ. ಕಾಲಿನ ಸ್ಪರ್ಶ ಯಾವಾಗಲೋ ಹೋಗಿತ್ತು. ಕಾರ್ಖಾನೆಯ ದವಾಖಾನೆಯಲ್ಲಿ ಮೂರು ವಾರ ಬರಿಯ ಪಟ್ಟಿ ಕಟ್ಟಿದ್ದರು. ಅವರದೇನು ತಪ್ಪು? ಅವರ ಕಾಗದದಲ್ಲಿ ಅಣ್ಣನಿಗೆ ಸಕ್ಕರೆ ಇರಲಿಲ್ಲ. ಈಗ ಮುಂಗಾಲು ಕರ್ರಗಾಗಿತ್ತು. ನಾನು ವಾರ್ಡಿನ ಬಾಗಿಲಲ್ಲಿ ವಾಸನೆಯಿಂದಲೇ ಹಾಸಿಗೆ ಗುರುತಿಸಿದೆ.

ಅತ್ತಿಗೆ ಸೆರಗು ಬಾಯಿಗೆ ಒತ್ತಿ ಕಿಟಕಿಯ ಬಳಿ ನಿಂತಿದ್ದಳು. "ನಿನ್ನೇನೂ ಇವತ್ತೂ ಸಲೈನ್ ಅಂತ ಏನೋ ಹಾಕಾಕತ್ತಾರ ತಮ್ಮಾ. ಗ್ಲೂಕೋಸಿನ ಸಿಹಿ ನೀರಂತ. ಸಿಹಿ ಹಾಕಬ್ಯಾಡ್ರಿ ಅನ್ನಾಕ ಬಾಯಿಗೆ ಬಂದಿತ್ತು. ಇವರು ಹೇಳಬ್ಯಾಡ ಅಂತ ಕಣ್ಣು ಬಿಟ್ರು."

ಅಣ್ಣ ನನ್ನನ್ನು ನೋಡಿದ. ಜ್ವರದಲ್ಲೂ ಗುರುತು ಹಿಡಿದು ಸಣ್ಣಗೆ ತಲೆ ಅಲ್ಲಾಡಿಸಿದ. "ಏನೂ ಅನಬ್ಯಾಡ. ಕಾಯಂ ಐತಿ ನಂದು. ಹೋದ್ರ ಹೋದೆ, ಇವರಿಗೆ ಕೋಣಿ ಉಳೀತೈತಿ."

ಅಷ್ಟರಲ್ಲಿ ವಾರ್ಡಿನ ಡಾಕ್ಟರು ಬಂದರು. ವಯಸ್ಸಿನ್ನೂ ಮೂವತ್ತಾಗದ ಹೆಣ್ಣುಮಗಳು, ಬೆಳಗಾವಿ ಕಡೆಯವರು. ಅಣ್ಣನ ಮುಖ, ನನ್ನ ಮುಖ ಎರಡನ್ನೂ ನೋಡಿ ಕನ್ನಡದಲ್ಲಿ, "ಅವಳಿ ಏನ್ರಿ? ನಿಮ್ಮನ್ಯಾಗ ಯಾರಿಗರೆ ಸಕ್ರಿ ಐತೇನು?" ಎಂದರು. "ಗಾಯ ನೋಡಿದ್ರ ನನಗ ಸಂಶಯ ಬರ್ತೈತಿ. ಕಾಗದದಾಗ ಇಲ್ಲ ಅಂತೈತಿ. ರಕ್ತ ಕಳಸೇನಿ, ನಾಳೆ ಬರ್ತೈತಿ."

ನಾಳೆ. ಮಂಚದ ಕೊನೆಯಲ್ಲಿ ನೇತುಹಾಕಿದ ಕಾಗದದ ಮೇಲೆ ನನ್ನ ಎತ್ತರ, ನನ್ನ ತೂಕ, ನನ್ನ ಮೂತ್ರದ ಕೀರ್ತಿ ಅಣ್ಣನ ಹೆಸರಿನಲ್ಲಿ ನಕಲಾಗಿತ್ತು. ಸಲೈನ್ ಹನಿ ಹನಿಯಾಗಿ ಇಳಿಯುತ್ತಿತ್ತು. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ, ಆ ಜ್ವರದಲ್ಲಿ ಎಷ್ಟು ಬಲವಿರಲು ಸಾಧ್ಯವೋ ಅಷ್ಟು ಬಲವಾಗಿ.

"ಅದು ನಂದ್ರಿ," ಎಂದೆ. "ಆ ಕಾಗದ ನಂದು. ಇವಗ ಸಕ್ರಿ ಐತಿ, ನಾಲ್ಕು ವರ್ಷದ ಹಿಂದೇನ ಗೊತ್ತಿತ್ತು. ಪರೀಕ್ಷಾಕ ಹೋದಾಂವ ನಾನು."

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಲೈನಿನ ತಿರುಪನ್ನು ತಿರುಗಿಸಿ ನಿಲ್ಲಿಸಿ, ನರ್ಸನ್ನು ಕೂಗುತ್ತ ಓಡಿದರು. ಅಣ್ಣ ನನ್ನ ಮಣಿಕಟ್ಟನ್ನು ಬಿಟ್ಟ.

"ಸುಳ್ಳು ಹೇಳು ಅಂತ ನಾನ ಕೇಳಿದ್ದೆ," ಎಂದ. "ಖರೇ ಹೇಳು ಅಂತ ಯಾರು ಕೇಳಿದ್ರು ನಿನ್ನ?"

ಮೂರನೆಯ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು. ಎರಡು ವಾರ ಮೊದಲೇ ತಿಳಿದಿದ್ದರೆ ಬೆರಳೊಂದರಲ್ಲಿ ಮುಗಿಯುತ್ತಿತ್ತು ಎಂದು ಆ ಡಾಕ್ಟರು ನನಗೆ ಹೇಳಿದರು. ಹೇಳಿರೆಂದು ನಾನು ಕೇಳಿರಲಿಲ್ಲ. ಕಾರ್ಖಾನೆಯವರು ಸುಳ್ಳು ಕಾಗದದ ಕಾಯಂ ಕೆಲಸವನ್ನು ರದ್ದು ಮಾಡಿ, ಕೋಣೆ ಬಿಡಲು ಒಂದು ತಿಂಗಳು ಕೊಟ್ಟರು. ಪೊಲೀಸರಿಗೆ ಕೊಡದೆ ಬಿಟ್ಟದ್ದು ಅವರ ದೊಡ್ಡತನ. ಆ ತಿಂಗಳೆಲ್ಲ ಅಣ್ಣ ನನ್ನೊಂದಿಗೆ ಮಾತಾಡಲಿಲ್ಲ. ಹುಬ್ಬಳ್ಳಿಯಲ್ಲಿ ರೈಲು ಇಳಿದಾಗ ನನ್ನ ಹೆಗಲ ಮೇಲೆ ಕೈ ಹಾಕಬೇಕಾಯಿತು, ಹಾಕಿದ.

ಮನೆಯ ಮುಂದೆ ಬಂಡಿ ನಿಂತಾಗ ಅಪ್ಪ ಕಟ್ಟೆಯ ಮೇಲಿದ್ದ. ಅಣ್ಣನನ್ನು ಇಳಿಸಿ ಕೂರಿಸಿದೆವು. ಅಪ್ಪ ಆ ಕಡೆ ತಿರುಗಿ ನೋಡಲೇ ಇಲ್ಲ. ನನ್ನನ್ನು ಕರೆದು, "ಕೂಡು. ಕಾಲು ಚಾಚು," ಎಂದ. ನಾನು ಚಾಚಿದೆ. ನನ್ನ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಿಮ್ಮಡಿ, ಪಾದ, ಒಂದೊಂದೇ ಬೆರಳು ಒತ್ತಿ ಒತ್ತಿ ನೋಡಿದ. "ಐತಲ್ಲ," ಎಂದ. "ಚಲೋ ಐತಲ್ಲ ಇದು. ಬೆಚ್ಚಗ ಐತಿ." ಮತ್ತೆ ಮೊದಲಿನಿಂದ ಒತ್ತತೊಡಗಿದ. ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ. ಅತ್ತಿಗೆ ಹುಡುಗಿಯರಿಬ್ಬರನ್ನೂ ಕರೆದುಕೊಂಡು ಒಳಗೆ ಹೋಗಿಬಿಟ್ಟಳು. ಕೊನೆಗೆ ಅಣ್ಣನೇ ಬಾಯಿ ಬಿಟ್ಟ, ಒಂದು ತಿಂಗಳ ಮೇಲೆ ಮೊದಲ ಸಲ.

"ಬಿಡಪ್ಪಾ ಅವನ ಕಾಲು. ಅದರ ಮ್ಯಾಲ ಅವಗ ನಡೀಬೇಕಾಗೈತಿ."

ಊರಿಗೆ ಬಂದರೆ ಎದ್ದದ್ದು ಮತ್ತೆ ಮಲಗೀತು ಎಂಬ ಆಸೆ ನನಗಿತ್ತು. ಸವಣೂರಿನ ಡಾಕ್ಟರಿಗೂ ಸ್ವಲ್ಪ ಇತ್ತು. ರೊಟ್ಟಿ, ಪಲ್ಯ, ಹೊತ್ತಿಗೆ ನಿದ್ದೆ ಎಲ್ಲ ಸಿಕ್ಕ ಮೇಲೆ ಇನ್ಸುಲಿನ್ ಅರ್ಧಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು. "ಒಂದು ಹಂತ ದಾಟಿದ ಮ್ಯಾಲ ಪೂರಾ ಮಲಗೂದಿಲ್ಲ, ತಮ್ಮಾ," ಎಂದರು. ಔಷಧದ ಬಾಟಲಿಯನ್ನು ತಂಪಿಗೆಂದು ಒದ್ದೆ ಉಸುಕು ತುಂಬಿದ ಗಡಿಗೆಯಲ್ಲಿ ಹೂತಿಡುತ್ತಿದ್ದೆವು. ಚುಚ್ಚುವುದು ನನ್ನ ಪಾಲಿಗೆ ಬಂತು. ಕಲಿಯುವಾಗ ಡಾಕ್ಟರು ನನ್ನ ತೊಡೆಗೇ ಬರಿಯ ಸೂಜಿ ಚುಚ್ಚಿಸಿದರು. ಒಬ್ಬನಿಗೆ ಚುಚ್ಚಿದರೆ ಇಬ್ಬರಿಗೂ ಹತ್ತುವ ಹಾಗಿದ್ದರೆ ನಾನು ದಿನಕ್ಕೆ ಹತ್ತು ಸಲ ಚುಚ್ಚಿಕೊಳ್ಳುತ್ತಿದ್ದೆ.

ದಿನಾ ಬೆಳಿಗ್ಗೆ ಅವನ ಉಳಿದ ಕಾಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ ಬೆರಳ ಸಂದಿ ನೋಡಬೇಕೆಂದು ಡಾಕ್ಟರ ಕಟ್ಟಪ್ಪಣೆ. ಕಾರ್ಖಾನೆಯ ಹಾಜರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದೆ. ಅಷ್ಟು ಹೊತ್ತಿಗೆ ಅಣ್ಣನ ದೃಷ್ಟಿ ಮಂಜಾಗತೊಡಗಿತ್ತು. ತನ್ನ ಕಾಲು ತನಗೆ ಕಾಣುತ್ತಿರಲಿಲ್ಲ, ತಿಳಿಯುತ್ತಲೂ ಇರಲಿಲ್ಲ. ಎರಡನೆಯ ವರ್ಷದ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಕಿರುಬೆರಳು ಮತ್ತು ಅದರ ಪಕ್ಕದ ಬೆರಳ ನಡುವೆ ನನ್ನ ಕೈ ನಿಂತಿತು. ಸಾಸಿವೆಯಷ್ಟು ಕಪ್ಪು. ಉಜ್ಜಿದೆ, ಹೋಗಲಿಲ್ಲ.

"ಏನೈತಿ ಅಲ್ಲೆ?" ಎಂದ ಅಣ್ಣ.

ನಾನು ಟವೆಲ್ಲು ಹಿಂಡಿದೆ. ನಡುಮನೆಯಲ್ಲಿ ಅಪ್ಪ ಕೆಮ್ಮುತ್ತಿದ್ದ.

"ಸುಮ್ಮಕ ಯಾಕ ಕುಂತೀ? ಕೆಸರೇನು?"

"ಕೆಸರಲ್ಲ," ಎಂದೆ. "ಕಪ್ಪಾಗೈತಿ. ಸಣ್ಣದೈತಿ ಇನ್ನಾ. ಇವತ್ತ ಹೋಗೂಣು ಡಾಕ್ಟರ ಕಡೆ."

ಅವನು ತನಗೆ ಕಾಣದ ಕಾಲಿನ ಕಡೆ ಮುಖ ಮಾಡಿದ. ಆಮೇಲೆ ಕೈ ಚಾಚಿ ನನ್ನ ಹೆಗಲನ್ನು ಹುಡುಕಿದ.

"ಅಪ್ಪಗ ಹೇಳಬ್ಯಾಡ," ಎಂದ. "ಮತ್ತ ನಿನ್ನ ಕಾಲು ಒತ್ತಾಕ ಕೂಡ್ತಾನ. ಎಬ್ಬಸು ನನ್ನ."

ಎಬ್ಬಿಸಿದೆ. ಬಂಡಿ ಹೂಡಲು ಹೊತ್ತಾಗುತ್ತದೆಂದು ಅವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ರಸ್ತೆಗೆ ಬಂದೆ. ಒಂದೇ ಅಚ್ಚಿನವರಾದರೂ ಅವನು ನನ್ನ ಅರ್ಧದಷ್ಟೂ ಭಾರವಿರಲಿಲ್ಲ.